1915ರ ಕ್ವಿಂಟಿನ್ಸ್‌ಹಿಲ್ ರೈಲು ಡಿಕ್ಕಿ: ಕಣ್ಣೆದುರಿಗೆ ನಿಂತಿದ್ದ ರೈಲನ್ನ ಸಿಗ್ನಲ್‌ಮ್ಯಾನ್ ಮರೆತದ್ದು ಹೇಗೆ?

ತುಮಕೂರ್ ಪ್ಯಾಸೆಂಜರ್:

ಎಲ್ರಿಗೂ ನಮಸ್ಕಾರ. ನಾನು ತುಮಕೂರಿನವ್ನು, ರೈಲ್ವೆ ಪರೀಕ್ಷೆಗೆ ಓದ್ತಾ ಇದೀನಿ. ಕೋಚಿಂಗ್‌ನಲ್ಲಿ ಸೇಫ್ಟಿ ಬಗ್ಗೆ ಮಾತು ಬಂದಾಗ ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್ ಆಕ್ಸಿಡೆಂಟ್ ಹೆಸರು ಹೇಳಿ, ಇಬ್ರು ಸಿಗ್ನಲ್‌ಮ್ಯಾನ್‌ಗಳ ಬೇಜವಾಬ್ದಾರಿಯಿಂದ 200ಕ್ಕೂ ಜಾಸ್ತಿ ಜನ ಸತ್ರು ಅಂತ ಒಂದೇ ಸಾಲಲ್ಲಿ ಮುಗಿಸಿ ಮುಂದಿನ ಟಾಪಿಕ್‌ಗೆ ಹೋಗ್ಬಿಟ್ರು. ನಂಗೆ ಅದು ತಲೇಲೇ ಕೂತ್ಕೊಂಡ್ತು, ಸಿಕ್ಕಿದ್ದನ್ನೆಲ್ಲ ಓದ್ತಾ ಹೋದೆ.

ಓದಿದ್ದು ಇಷ್ಟು. 1915ರ ಮೇ 22, ಬೆಳಿಗ್ಗೆ 6.49. ಮೊದಲ ಮಹಾಯುದ್ಧ ನಡೀತಾ ಇದ್ದ ಕಾಲ. ರಾಯಲ್ ಸ್ಕಾಟ್ಸ್ ರೆಜಿಮೆಂಟಿನ ಸುಮಾರು 500 ಸೈನಿಕರನ್ನ ತುಂಬ್ಕೊಂಡು ಲಾರ್ಬರ್ಟ್‌ನಿಂದ ಲಿವರ್‌ಪೂಲ್‌ಗೆ ಹೊರಟಿದ್ದ ಸ್ಪೆಷಲ್ ಟ್ರೈನು, ಅದೇ ಲೈನಲ್ಲಿ ನಿಂತಿದ್ದ ಲೋಕಲ್ ಪ್ಯಾಸೆಂಜರ್‌ಗೆ ಗುದ್ದುತ್ತೆ. ಆ ಹುಡುಗರು ಅಲ್ಲಿಂದ ಹಡಗು ಹತ್ತಿ ಗ್ಯಾಲಿಪೊಲಿ ಯುದ್ಧಕ್ಕೆ ಹೋಗ್ಬೇಕಿತ್ತು. ಒಂದು ನಿಮಿಷ ಆಗೋ ಅಷ್ಟ್ರಲ್ಲಿ ಲಂಡನ್ ಕಡೆಯಿಂದ ಬಂದ ಗ್ಲಾಸ್ಗೋ ಎಕ್ಸ್‌ಪ್ರೆಸ್ ಆ ರಾಶಿ ಮೇಲೇ ನುಗ್ಗುತ್ತೆ, ಆಮೇಲೆ ಬೆಂಕಿ. ಸತ್ತವರು 226 ಅಂತ ಒಂದು ಕಡೆ, 227 ಅಂತ ಇನ್ನೊಂದು ಕಡೆ ಇದೆ. ಸೈನಿಕರ ಹಾಜರಿ ಪಟ್ಟೀನೂ ಬೆಂಕೀಲಿ ಸುಟ್ಟೋಗಿದ್ರಿಂದ ಲೆಕ್ಕ ಗಟ್ಟಿಯಾಗ್ಲೇ ಇಲ್ವಂತೆ. ಬ್ರಿಟನ್ ರೈಲ್ವೆ ಚರಿತ್ರೆಲಿ ಇದಕ್ಕಿಂತ ದೊಡ್ಡ ಸಾವು ಇವತ್ತಿಗೂ ಇಲ್ಲ.

ನಂಗೆ ಅರ್ಥ ಆಗ್ದೇ ಇರೋದು ಇದು. ಡ್ಯೂಟಿಲಿದ್ದ ಜೇಮ್ಸ್ ಟಿನ್ಸ್ಲಿ ಅನ್ನೋ ಸಿಗ್ನಲ್‌ಮ್ಯಾನ್ ಕೆಲಸಕ್ಕೆ ಬಂದಿದ್ದೇ ಆ ಲೋಕಲ್ ರೈಲಿನ ಎಂಜಿನ್ ಮೇಲೆ ನಿಂತ್ಕೊಂಡು. ಇಳಿದು ಸಿಗ್ನಲ್ ಲಿವರ್ ಇರೋ ಕ್ಯಾಬಿನ್ ಹತ್ತಿದ್ದಾನೆ, ಕಿಟಕಿ ಮುಂದೆ ಅದೇ ರೈಲು ನಿಂತಿದೆ. ಹತ್ತು ಹದಿನೈದು ನಿಮಿಷದಲ್ಲಿ ಅದನ್ನ ಮರೆತು ಅದೇ ಲೈನಿಗೆ ಇನ್ನೊಂದು ಗಾಡಿ ಬಿಡ್ತಾನೆ ಅಂದ್ರೆ ಹೇಗೆ? ಕುಡಿದಿದ್ನಾ, ನಿದ್ದೆನಾ? ಇಬ್ರನ್ನ ಜೈಲಿಗೆ ಹಾಕಿದ್ರೆ ಕಥೆ ಮುಗೀತಾ? ರೈಲ್ವೇಲಿ ಕೆಲಸ ಮಾಡಿದವ್ರು ಯಾರಾದ್ರೂ ಇದ್ರೆ ದಯವಿಟ್ಟು ಬಿಡಿಸಿ ಹೇಳಿ.


ಗುಬ್ಬಿ ಮಾಸ್ಟ್ರು:

ತಮ್ಮ, ಕುಡಿದಿರ್ಲಿಲ್ಲ, ನಿದ್ದೇನೂ ಮಾಡಿರ್ಲಿಲ್ಲ. ನಾನು ಸ್ಟೇಷನ್ ಮಾಸ್ಟರಾಗಿ ರಿಟೈರ್ ಆದವ್ನು, ಲಿವರ್ ಎಳೆದು ಸಿಗ್ನಲ್ ಕೊಡೋ ಕಾಲ ನೋಡಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದು.

ಮೊದ್ಲು ಜಾಗ ತಿಳ್ಕೋ. ಅದು ಸ್ಟೇಷನ್ನೇ ಅಲ್ಲ, ಗ್ರೆಟ್ನಾ ಹತ್ರ ಬಯಲಲ್ಲಿ ಒಂದು ಕ್ಯಾಬಿನ್ ಅಷ್ಟೆ. ಡಬಲ್ ಲೈನು, ಎರಡೂ ಕಡೆ ಒಂದೊಂದು ಲೂಪು, ಮಧ್ಯೆ ಒಂದು ಕ್ರಾಸ್‌ಓವರ್, ಅಂದ್ರೆ ಒಂದು ಲೈನಿಂದ ಇನ್ನೊಂದಕ್ಕೆ ದಾಟೋ ಹಳಿ. ನಮ್ಮ ನಿಟ್ಟೂರಲ್ಲೋ ಸಂಪಿಗೆ ರೋಡಲ್ಲೋ ಗೂಡ್ಸ್‌ನ ಲೂಪ್‌ಗೆ ತಗೊಂಡು ಎಕ್ಸ್‌ಪ್ರೆಸ್‌ಗೆ ದಾರಿ ಬಿಡ್ತಾರಲ್ಲ, ಅದೇ ಕೆಲಸಕ್ಕೆ ಇದ್ದ ಜಾಗ. ಅವತ್ತು ಲಂಡನ್‌ನಿಂದ ಬರೋ ಎರಡು ರಾತ್ರಿ ಎಕ್ಸ್‌ಪ್ರೆಸ್ಸೂ ಅರ್ಧ ಗಂಟೆ ಸುಮಾರು ಲೇಟು. ಅದಕ್ಕೇ ಲೋಕಲ್ಲನ್ನ ಕಾರ್ಲೈಲ್‌ನಿಂದ ಮುಂದೆ ಬಿಟ್ಟು ಕ್ವಿಂಟಿನ್ಸ್‌ಹಿಲ್‌ನಲ್ಲಿ ಪಕ್ಕಕ್ಕೆ ಹಾಕೋಣ ಅಂತ ಪ್ಲಾನು. ಆದ್ರೆ ಗ್ಲಾಸ್ಗೋ ಕಡೆ ಲೂಪಲ್ಲಿ ಆಗ್ಲೇ ಒಂದು ಗೂಡ್ಸ್ ನಿಂತಿದೆ. ಎದುರು ಕಡೆ ಲೂಪಿಗೆ ಖಾಲಿ ಕಲ್ಲಿದ್ದಲು ವ್ಯಾಗನ್‌ಗಳ ಗಾಡಿ ಬರ್ತಾ ಇದೆ. ಉಳಿದಿದ್ದು ಒಂದೇ ದಾರಿ, ಲೋಕಲ್ಲನ್ನ ಕ್ರಾಸ್‌ಓವರ್ ಮೇಲೆ ಹಿಂದಕ್ಕೆ ತಳ್ಳಿ ಎದುರು ದಿಕ್ಕಿನ ಮೇನ್ ಲೈನ್ ಮೇಲೆ ನಿಲ್ಸೋದು. ಹಾಗೆ ನಿಲ್ಸಿದ್ದು ತಪ್ಪಲ್ಲ, ಅದಕ್ಕೆ ಅನುಮತಿ ಇತ್ತು, ಹಿಂದೆಯೂ ಮಾಡ್ತಿದ್ರು. ನಿಲ್ಸಿದ ಮೇಲೆ ಮಾಡ್ಬೇಕಾದ್ದನ್ನ ಮಾಡ್ಲಿಲ್ಲ, ಅಲ್ಲಿಂದ ಶುರು ಅನಾಹುತ.

ಏನು ಮಾಡ್ಬೇಕಿತ್ತು? ಆ ಲೈನಿನ ಸಿಗ್ನಲ್ ಲಿವರ್‌ಗೆ ಕಾಲರ್ ಹಾಕ್ಬೇಕು. ಕಾಲರ್ ಅಂದ್ರೆ ಕಬ್ಬಿಣದ ಬಳೆ ಥರದ್ದು, ಲಿವರ್ ತಲೆ ಮೇಲೆ ಸೇರಿಸಿದ್ರೆ ಹಿಡಿ ಒತ್ತೋಕಾಗಲ್ಲ, ಎಳೆಯೋಕೆ ಕೈ ಹಾಕ್ದೋನಿಗೆ ಅಲ್ಲೊಂದು ಗಾಡಿ ನಿಂತಿದೆ ಅಂತ ಕೈಯೇ ಹೇಳುತ್ತೆ. ಹಾಕ್ಲಿಲ್ಲ. ಎರಡನೇದು, ಆಚೆ ಕಡೆಯ ಕರ್ಕ್‌ಪ್ಯಾಟ್ರಿಕ್ ಕ್ಯಾಬಿನ್‌ಗೆ ನನ್ನ ಲೈನು ಕಟ್ಟಿದೆ ಅಂತ ಬೆಲ್ ಕೋಡ್ ಕಳಿಸ್ಬೇಕು, ಆಮೇಲೆ ಅವರು ಆ ದಿಕ್ಕಿನ ಗಾಡಿಗೆ ಲೈನ್ ಕ್ಲಿಯರ್, ಅಂದ್ರೆ ಗಾಡಿ ಕಳಿಸ್ಲಾ ಅಂತ ಅನುಮತಿ, ಕೇಳೋ ಹಾಗೇ ಇಲ್ಲ. ಅದನ್ನೂ ಇಬ್ರಲ್ಲಿ ಯಾರೂ ಕಳಿಸ್ಲಿಲ್ಲ. ಮೂರನೇದು ರೂಲ್ 55. ಗಾಡಿ ಹಾಗೆ ನಿಂತ್ರೆ ಎಂಜಿನ್ ಸಿಬ್ಬಂದೀಲಿ ಒಬ್ರು ಕ್ಯಾಬಿನ್‌ಗೆ ಹೋಗಿ ಜ್ಞಾಪಿಸಿ, ಕಾಲರ್ ಹಾಕಿರೋದನ್ನ ಕಣ್ಣಲ್ಲಿ ನೋಡಿ, ರಿಜಿಸ್ಟರಲ್ಲಿ ಸೈನ್ ಮಾಡಿ ಬರ್ಬೇಕು. ಲೋಕಲ್ಲಿನ ಫೈರ್‌ಮನ್ (ಎಂಜಿನ್‌ಗೆ ಕಲ್ಲಿದ್ದಲು ಹಾಕೋನು) ಜಾರ್ಜ್ ಹಚಿನ್ಸನ್ ಹೋದ, ಸೈನೂ ಮಾಡ್ದ, ಕಾಲರ್ ನೋಡ್ದೆ ವಾಪಸ್ ಬಂದ.

ಈಗ ನಿನ್ನ ಅಸಲಿ ಪ್ರಶ್ನೆ, ಮರೆತದ್ದು ಹೇಗೆ. ರಾತ್ರಿ ಪಾಳಿಯ ಜಾರ್ಜ್ ಮೀಕಿನ್‌ಗೂ ಟಿನ್ಸ್ಲಿಗೂ ಒಂದು ಒಳ ಒಪ್ಪಂದ ಇತ್ತು. ಪಾಳಿ ಬದಲಾಗೋದು ಬೆಳಿಗ್ಗೆ 6ಕ್ಕೆ. ಆದ್ರೆ ಲೋಕಲ್ ಕ್ವಿಂಟಿನ್ಸ್‌ಹಿಲ್‌ನಲ್ಲಿ ನಿಲ್ಲೋ ದಿನ ಅದ್ರಲ್ಲೇ ಬಂದ್ರೆ ನಡೆಯೋದು ತಪ್ಪುತ್ತಲ್ಲ ಅಂತ ಟಿನ್ಸ್ಲಿ 6.30ಕ್ಕೆ ಬರೋನು. ಆರರಿಂದ ಅವನು ಬರೋವರ್ಗೂ ಆದ ಗಾಡಿಗಳ ಟೈಮನ್ನ ಮೀಕಿನ್ ರಿಜಿಸ್ಟರಲ್ಲಿ ಬರೀತಿರ್ಲಿಲ್ಲ, ಬೇರೆ ಚೀಟೀಲಿ ಬರೆದಿಡೋನು. ಬಂದ ಮೇಲೆ ಟಿನ್ಸ್ಲಿ ತನ್ನ ಕೈಬರಹದಲ್ಲಿ ರಿಜಿಸ್ಟರಿಗೆ ಕಾಪಿ ಮಾಡೋನು, ಮೇಲಿನೋರಿಗೆ ಅವನು ಆರಕ್ಕೇ ಬಂದ ಹಾಗೆ ಕಾಣ್ಬೇಕಲ್ಲ!

ಅವತ್ತೂ ಅದೇ ನಡೀತಿತ್ತು. ಟಿನ್ಸ್ಲಿ ತಲೆ ಬಗ್ಗಿಸಿ ಹಿಂದಿನ ಅರ್ಧ ಗಂಟೇದು ಬರೀತಾ ಇದಾನೆ. ಮೀಕಿನ್ ಚಾರ್ಜ್ ಕೊಟ್ಟಾಯ್ತು ಅಂತ ಪೇಪರ್ ಹಿಡಿದು ಕೂತಿದಾನೆ. ಗೂಡ್ಸ್ ಗಾಡಿ ಸಿಬ್ಬಂದಿ ಕ್ಯಾಬಿನ್‌ಗೆ ಬಂದು ಯುದ್ಧದ ಸುದ್ದಿ ಮಾತಾಡ್ತಾ ಇದಾರೆ. 6.38ಕ್ಕೆ ಮೊದಲ ಎಕ್ಸ್‌ಪ್ರೆಸ್ ಸರಿಯಾಗಿ ಪಾಸ್ ಆಯ್ತು. 6.42ಕ್ಕೆ ಕರ್ಕ್‌ಪ್ಯಾಟ್ರಿಕ್‌ನಿಂದ ಸೈನಿಕರ ಗಾಡಿಗೆ ಲೈನ್ ಕ್ಲಿಯರ್ ಕೇಳಿದ್ರು, ಟಿನ್ಸ್ಲಿ ಕೊಟ್ಟ. ಮುಂದಿನ ಗ್ರೆಟ್ನಾ ಜಂಕ್ಷನ್‌ನವ್ರನ್ನ ಕೇಳ್ದ, 6.46ಕ್ಕೆ ಅವರೂ ಕೊಟ್ರು. ಸಿಗ್ನಲ್ ಎಳೆದ. ಎದುರು ದಿಕ್ಕಿಂದ ಬರ್ತಿದ್ದ ಎರಡನೇ ಎಕ್ಸ್‌ಪ್ರೆಸ್‌ನ ಸಿಗ್ನಲ್ಲೂ ಎಳೆದಾಗಿತ್ತು. ಇಳಿಜಾರಲ್ಲಿ ಸ್ಪೀಡಾಗಿ ಬರ್ತಿದ್ದ ಸೈನಿಕರ ಗಾಡಿಗೆ ಎಲ್ಲಾ ಸಿಗ್ನಲ್ ಸಿಕ್ಕಿಬಿಡ್ತು.

ಇಂಟರ್‌ಲಾಕಿಂಗ್, ಅಂದ್ರೆ ತಪ್ಪು ಲಿವರ್ ಎಳೆಯೋಕೆ ಬಿಡದ ಏರ್ಪಾಡು, ಇರ್ಲಿಲ್ವಾ ಅಂತ ಕೇಳ್ತೀಯ. ಇತ್ತು. ಆದ್ರೆ ಆಗಿನ ಇಂಟರ್‌ಲಾಕಿಂಗ್‌ಗೆ ಪಾಯಿಂಟ್ (ಗಾಡಿಯ ದಾರಿ ತಿರುಗಿಸೋ ಹಳಿ) ಯಾವ ಕಡೆ ಇದೆ ಅನ್ನೋದು ಗೊತ್ತು, ಹಳಿ ಮೇಲೆ ಗಾಡಿ ನಿಂತಿದೆಯಾ ಅನ್ನೋದು ಗೊತ್ತಿಲ್ಲ. ಲೋಕಲ್ ಆಚೆ ಲೈನಿಗೆ ಹೋದ ಮೇಲೆ ಕ್ರಾಸ್‌ಓವರ್‌ನ ಮತ್ತೆ ನೇರ ದಾರಿಗೆ ತಂದಿದ್ರಿಂದ ಲಿವರ್ ಆರಾಮಾಗಿ ಬಂತು.

ನನ್ನ ಅಭಿಪ್ರಾಯದಲ್ಲಿ ಪೇಪರ್ರು ಹರಟೆ ಎಲ್ಲಾ ಆಮೇಲಿಂದು. ಕೊಂದಿದ್ದು ಆ ಚೀಟಿ. ರಿಜಿಸ್ಟರ್ ಅನ್ನೋದು ಕ್ಯಾಬಿನ್‌ನ ನೆನಪು ಕಣಪ್ಪ. ಗಾಡಿ ಬಂದ ಕ್ಷಣಕ್ಕೆ ಬರೆದ್ರೆ ಬರೆಯೋ ಕೈಯೇ ನಿಂಗೆ ಯಾವ ಲೈನಲ್ಲಿ ಏನಿದೆ ಅಂತ ಹೇಳ್ತಾ ಹೋಗುತ್ತೆ. ಅದನ್ನ ಮೇಲಧಿಕಾರಿಗೆ ತೋರ್ಸೋ ಕಾಗದ ಮಾಡ್ಕೊಂಡ ದಿನ ಅದು ಜ್ಞಾಪಿಸೋ ಕೆಲಸ ನಿಲ್ಸಿಬಿಡ್ತು. ಟಿನ್ಸ್ಲಿ ಆರು ಗಂಟೆ ಗಾಡಿ ಬರೀತಾ ಇದ್ದಾಗ ಅವನ ತಲೆ ಆರು ಗಂಟೇಲೇ ಇತ್ತು, ಆರೂ ನಲವತ್ತೆರಡರಲ್ಲಿ ಇರ್ಲಿಲ್ಲ. ಚಾರ್ಜ್ ಕೊಟ್ಟು ತಗೊಳ್ಳೋ ಹೊತ್ತು ಯಾವ ಸ್ಟೇಷನ್ನಲ್ಲೂ ಅಪಾಯದ ಹೊತ್ತು, ಕೊಟ್ಟೋನು ನಂದು ಮುಗೀತು ಅಂತಾನೆ, ತಗೊಂಡೋನಿಗೆ ಇನ್ನೂ ಪೂರ್ತಿ ಹತ್ತಿರಲ್ಲ. ನೀನು ಪಾಸಾಗಿ ಕೆಲಸಕ್ಕೆ ಸೇರಿದ್ಮೇಲೆ ಇದನ್ನ ನೆನಪಲ್ಲಿಟ್ಕೋ.


ಬಂಗಾರಪೇಟೆ ಬಾಬು:

ಮಾಸ್ಟ್ರು ಕ್ಯಾಬಿನ್ ಕಥೆ ಚೆನ್ನಾಗಿ ಹೇಳವ್ರೆ. ಆದ್ರೆ ಡಿಕ್ಕಿ ಯಾಕಾಯ್ತು ಅನ್ನೋದು ಒಂದು ಪ್ರಶ್ನೆ, ಅಷ್ಟು ಜನ ಯಾಕ್ ಸತ್ರು ಅನ್ನೋದು ಬೇರೇನೇ ಪ್ರಶ್ನೆ ಅಣ್ಣ. ನಾನು ಕೋಚ್ ಮೇಂಟೆನೆನ್ಸ್ ಲೈನಲ್ಲಿ ಇರೋನು, ಅದಕ್ಕೆ ನನ್ನ ಕಣ್ಣು ಯಾವಾಗ್ಲೂ ಡಬ್ಬಿ ಮೇಲೇ.

ಯುದ್ಧದ ಟೈಮು, ಒಳ್ಳೆ ಕೋಚ್ ಸಿಗ್ತಿರ್ಲಿಲ್ಲ. ಸೈನಿಕರಿಗೆ ಕೊಟ್ಟಿದ್ದು ಗ್ರೇಟ್ ಸೆಂಟ್ರಲ್ ರೈಲ್ವೆಯ ಹಳೇ ಮರದ ಡಬ್ಬಿಗಳು. ಬಾಡಿನೂ ಮರ, ಕೆಳಗಿನ ಫ್ರೇಮೂ ಮರ. ಗುದ್ದಿದ ಏಟಿಗೆ ಸುಮಾರು 195 ಮೀಟರ್ ಉದ್ದ ಇದ್ದ ಟ್ರೈನು 61 ಮೀಟರ್‌ಗೆ ಕುಗ್ಗೋಯ್ತು. ಒಂದ್ಸಲ ಯೋಚ್ನೆ ಮಾಡಿ, ಮೂರರಲ್ಲಿ ಒಂದು ಪಾಲು. ಒಳಗಿದ್ದ ಹುಡುಗರ ಗತಿ ಏನಾಗಿರ್ಬೇಕು. ಬದುಕಿದವ್ರು ಈಚೆ ಬಂದು ಹಳಿ ಮೇಲೆ ನಿಂತು ಒಬ್ರನ್ನೊಬ್ರು ಎಳೀತಿದ್ದಂಗೇನೆ ಆ ಕಡೆಯಿಂದ ಎರಡು ಎಂಜಿನ್ ಕಟ್ಟಿದ್ದ ಎಕ್ಸ್‌ಪ್ರೆಸ್ ಅವರ ಮೇಲೇ ಬಂತು.

ಆಮೇಲೆ ಗ್ಯಾಸು. ಆ ಡಬ್ಬಿಗಳಲ್ಲಿ ಕರೆಂಟ್ ಲೈಟ್ ಇರ್ಲಿಲ್ಲ, ಪಿಂಟ್ಷ್ ಗ್ಯಾಸ್ ಅಂತ, ಜರ್ಮನಿಯ ಜೂಲಿಯಸ್ ಪಿಂಟ್ಷ್ ಕಂಡುಹಿಡಿದಿದ್ದು. ಎಣ್ಣೆಯಿಂದ ತೆಗೆದ ಗ್ಯಾಸನ್ನ ಒತ್ತಿ ಸಿಲಿಂಡರ್‌ಗೆ ತುಂಬ್ಸಿ ಕೋಚ್ ತಳದಲ್ಲಿ ಕಟ್ಟೋರು, ಅಲ್ಲಿಂದ ಪೈಪಲ್ಲಿ ಮೇಲಿನ ದೀಪಕ್ಕೆ. ಹೊರಡೋಕೆ ಮುಂಚೆ ಸಿಲಿಂಡರ್ ತುಂಬ್ಸಿದ್ರು, ಬೆಳಗಿನ ಹೊತ್ತು ಬೇರೆ, ಹಂಗಾಗಿ ಗ್ಯಾಸು ಖರ್ಚಾಗಿರ್ಲಿಲ್ಲ. ಸಿಲಿಂಡರ್ ಒಡೆದು ಗ್ಯಾಸ್ ಹೊರಗೆ, ಪಕ್ಕದಲ್ಲೇ ಎಂಜಿನ್‌ಗಳಿಂದ ಚೆಲ್ಲಿದ ಕೆಂಡ, ಸುತ್ತಾ ಒಣಗಿದ ಮರ. ಕಾರ್ಲೈಲಿನಿಂದ ಫೈರ್ ಬ್ರಿಗೇಡ್ ಬಂದ್ರೂ ಬೆಂಕಿ ಮಾರನೇ ದಿನ ಬೆಳಗಿನವರೆಗೂ ಉರೀತು. ಎಷ್ಟೋ ಜನರ ಗುರುತೂ ಸಿಗ್ಲಿಲ್ಲ. ಸೈನಿಕರನ್ನ ಎಡಿನ್‌ಬರೋ ಹತ್ರ ರೋಸ್‌ಬ್ಯಾಂಕ್ ಸ್ಮಶಾನದಲ್ಲಿ ಒಟ್ಟಿಗೆ ಮಣ್ಣು ಮಾಡಿದ್ರು, ಅಲ್ಲಿ ಸ್ಮಾರಕ ಐತೆ. ಹೆಚ್ಚಿನೋರು ಪಕ್ಕದ ಲೀತ್ ಊರಿನ ಹುಡುಗರೇ, ಒಂದೇ ಊರು, ಒಂದೊಂದು ಬೀದೀಲೂ ಸೂತಕ.

ಹೊಟ್ಟೆ ಉರಿಯೋದು ಏನಂದ್ರೆ ಗ್ಯಾಸ್ ದೀಪ ಅಪಾಯ ಅನ್ನೋದು ಅವರಿಗೆ ಮೊದ್ಲೇ ಗೊತ್ತಿತ್ತು. 1910ರ ಡಿಸೆಂಬರ್ 24ಕ್ಕೆ ಇಂಗ್ಲೆಂಡಿನ ಹಾಸ್ ಜಂಕ್ಷನ್‌ನಲ್ಲಿ ಡಿಕ್ಕಿ ಆಗಿ ಗ್ಯಾಸ್ ಹತ್ಕೊಂಡು 12 ಜನ ಹೋದ್ರು. 1913ರಲ್ಲಿ ಅಲ್ಲೇ ಹತ್ರ ಐಸ್‌ಗಿಲ್‌ನಲ್ಲಿ 16 ಜನ, ಅಲ್ಲೂ ಬೆಂಕಿ. ಎರಡು ಸಲ ಕಣ್ಣಾರೆ ನೋಡಿದ್ಮೇಲೂ ಅಂಥದ್ದೇ ಡಬ್ಬೀಲಿ 500 ಹುಡುಗರನ್ನ ಕೂರ್ಸಿದ್ರು. ಸಿಗ್ನಲ್‌ಮ್ಯಾನ್ ಮಾಡಿದ್ದು ಡಿಕ್ಕಿ, ಆದ್ರೆ ಆ ಡಿಕ್ಕೀನ ಸುಡುಗಾಡು ಮಾಡಿದ್ದು ಆ ಡಬ್ಬಿಗಳು ಅನ್ನೋದು ನನ್ ಮಾತು.


ನಂದಿ ಹಾಲ್ಟ್:

ಚಿಕ್ಕಬಳ್ಳಾಪುರದಿಂದ. ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡ್ತೀನಿ. ಬಾಬು ಅವರು ಹಾಸ್ ಜಂಕ್ಷನ್ ಹೆಸರು ಎತ್ತಿದ್ದು ಬಹಳ ಒಳ್ಳೇದಾಯ್ತು, ಯಾಕಂದ್ರೆ ನನ್ನ ಪ್ರಕಾರ ರೈಲ್ವೆ ಕಂಪನಿ ಮೇಲಿನ ನಿಜವಾದ ಆರೋಪ ಅಲ್ಲೇ ಇರೋದು, ಬೆಂಕಿ ವಿಷಯದಲ್ಲಿ ಮಾತ್ರ ಅಲ್ಲ. ಅಲ್ಲೂ ಆಗಿದ್ದು ಇದೇ. ಸಿಗ್ನಲ್‌ಮ್ಯಾನ್ ತಾನೇ ಲೈನ್ ಮೇಲೆ ನಿಲ್ಸಿದ್ದ ಎರಡು ಖಾಲಿ ಎಂಜಿನ್‌ಗಳನ್ನ ಮರೆತು ಹಿಂದಿನಿಂದ ಎಕ್ಸ್‌ಪ್ರೆಸ್ ಬಿಟ್ಟ. ಅದಾದ್ಮೇಲೆ ಆ ಲೈನ್ ನಡೆಸ್ತಿದ್ದ ಮಿಡ್ಲೆಂಡ್ ರೈಲ್ವೆ ಕಂಪನಿಯವರು ತಮ್ಮ ಲೈನುಗಳಲ್ಲಿ ಟ್ರ್ಯಾಕ್ ಸರ್ಕ್ಯೂಟ್ ಹಾಕ್ತಾ ಹೋದ್ರು, ಅಂದ್ರೆ ಹಳಿಯಲ್ಲಿ ಸಣ್ಣ ಕರೆಂಟ್ ಹರಿಸಿ, ಮೇಲೆ ಗಾಡಿ ನಿಂತ್ರೆ ಚಕ್ರಗಳ ಮೂಲಕ ಆ ಕರೆಂಟ್ ಅಡ್ಡದಾರಿ ಹಿಡಿದು ರಿಲೇ (ಕರೆಂಟಿನಿಂದ ನಡೆಯೋ ಸ್ವಿಚ್ಚು) ಬೀಳುತ್ತೆ, ಸಿಗ್ನಲ್ ಎಳೆಯೋಕಾಗಲ್ಲ. ಕ್ವಿಂಟಿನ್ಸ್‌ಹಿಲ್ ಇದ್ದದ್ದು ಕ್ಯಾಲೆಡೋನಿಯನ್ ರೈಲ್ವೇಲಿ, ಅಲ್ಲಿ ಹಾಕಿರ್ಲಿಲ್ಲ. ಕ್ಯಾಬಿನ್‌ನಿಂದ ಎಲ್ಲಾ ಚೆನ್ನಾಗಿ ಕಾಣುತ್ತಲ್ಲ, ಯಾಕೆ ಬೇಕು ಅನ್ನೋ ಲೆಕ್ಕ. ಕಾಣೋದಕ್ಕೂ ನೋಡೋದಕ್ಕೂ ಎಷ್ಟು ದೂರ ಇದೆ ಅನ್ನೋದು ಆ ಬೆಳಿಗ್ಗೆ ಗೊತ್ತಾಯ್ತು.

ಕೋರ್ಟ್ ವಿಷಯ ಕೇಳಿದ್ರಲ್ಲ. ಬ್ರಿಟಿಷ್ ಸರ್ಕಾರದ ಬೋರ್ಡ್ ಆಫ್ ಟ್ರೇಡ್ ಇಲಾಖೆ ಕಡೆಯಿಂದ ಲೆಫ್ಟಿನೆಂಟ್ ಕರ್ನಲ್ ಡ್ರೂಟ್ ವಿಚಾರಣೆ ಮಾಡಿದ್ರು, ಹೊಣೆ ಇಬ್ಬರು ಸಿಗ್ನಲ್‌ಮ್ಯಾನ್‌ಗಳ ಮೇಲೆ ಬಂತು. ಸೆಪ್ಟೆಂಬರ್ 1915ರಲ್ಲಿ ಎಡಿನ್‌ಬರೋ ಹೈಕೋರ್ಟಲ್ಲಿ ಕೇಸು. ಟಿನ್ಸ್ಲಿಗೆ 3 ವರ್ಷ ಕಠಿಣ ಸಜೆ, ಮೀಕಿನ್‌ಗೆ 18 ತಿಂಗಳು, ಫೈರ್‌ಮನ್ ಹಚಿನ್ಸನ್ ಖುಲಾಸೆ. ಜ್ಯೂರಿಗೆ ತೀರ್ಮಾನಕ್ಕೆ ಕೆಲವೇ ನಿಮಿಷ ಸಾಕಾಯ್ತು. ಇಬ್ರೂ 1916ರ ಡಿಸೆಂಬರಲ್ಲಿ ಬಿಡುಗಡೆ ಆಗಿ ಅದೇ ರೈಲ್ವೇಲಿ ಬೇರೆ ಕೆಲಸಕ್ಕೆ ಸೇರಿದ್ರು, ಟಿನ್ಸ್ಲಿ ದೀಪ ನೋಡ್ಕೊಳ್ಳೋ ಲ್ಯಾಂಪ್‌ಮ್ಯಾನ್ ಆಗಿ. 200ಕ್ಕೂ ಹೆಚ್ಚು ಸಾವಿಗೆ ಇಷ್ಟೇನಾ ಶಿಕ್ಷೆ ಅಂತ ಮಕ್ಕಳು ಕ್ಲಾಸಲ್ಲಿ ಸಿಟ್ಟಾಗ್ತಾರೆ. ನಂಗೆ ಹಾಗನ್ಸಲ್ಲ. ಅವ್ರಿಬ್ರೂ ತಪ್ಪಿತಸ್ಥರು ನಿಜ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಎಷ್ಟೋ ದಿನ ಅರ್ಧ ಗಂಟೆ ತಡವಾಗಿ ಪಾಳಿ ಬದಲಾಗ್ತಿರೋದು, ರಿಜಿಸ್ಟರಲ್ಲಿ ಸರಿಯಾಗಿ ಆರು ಗಂಟೆಗೇ ಕೈಬರಹ ಬದಲಾಗೋದು, ಕಾಲರ್ ಮೂಲೇಲಿ ಬಿದ್ದಿರೋದು ಇದ್ಯಾವುದೂ ತಪಾಸಣೆಗೆ ಬಂದವ್ರ ಕಣ್ಣಿಗೆ ಬೀಳ್ಲಿಲ್ಲ ಅಂದ್ರೆ ಆ ತಪಾಸಣೆ ಎಂಥದ್ದು? ಅವರ್ಯಾರೂ ಕಟಕಟೆ ಹತ್ತಲಿಲ್ಲ. ಹಳೇ ಡಬ್ಬಿ ಕೊಟ್ಟವರೂ ಹತ್ತಲಿಲ್ಲ.


ತುಮಕೂರ್ ಪ್ಯಾಸೆಂಜರ್:

ಮಾಸ್ಟ್ರೇ, ಬಾಬಣ್ಣ, ಮೇಡಂ, ಮೂವರಿಗೂ ತುಂಬಾ ಥ್ಯಾಂಕ್ಸ್. ಚೀಟಿ ವಿಷಯ ಓದಿ ಮೈ ಜುಮ್ ಅಂತು. ಇನ್ನೊಂದು ಕೇಳ್ತೀನಿ. 2023ರ ಜೂನ್ 2ಕ್ಕೆ ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪಲ್ಲಿ ನಿಂತಿದ್ದ ಗೂಡ್ಸ್‌ಗೆ ಗುದ್ದಿ, ನಮ್ಮ ಬೆಂಗ್ಳೂರಿನಿಂದ ಹೋಗ್ತಿದ್ದ ಹೌರಾ ಗಾಡೀನೂ ಅದಕ್ಕೆ ಸಿಕ್ಕಿ 290ಕ್ಕೂ ಹೆಚ್ಚು ಜನ ಹೋದ್ರಲ್ಲ. ಅಲ್ಲೂ ಮೂರು ಗಾಡಿ, ಅಲ್ಲೂ ಲೂಪು. ಎರಡೂ ಒಂದೇ ಥರದ್ದು ಅನ್ಬಹುದಾ?


ಗುಬ್ಬಿ ಮಾಸ್ಟ್ರು:

ನೋಡೋಕೆ ಒಂದೇ ಥರ, ಕಾರಣ ಬೇರೆ. ಬಹಾನಗಾದಲ್ಲಿ ಯಾರೂ ಗಾಡಿ ಮರೀಲಿಲ್ಲ. ಸಿಗ್ನಲ್ ಮೇನ್ ಲೈನಿಗೆ ಹಸಿರು ತೋರಿಸ್ತು, ಪಾಯಿಂಟ್ ಲೂಪ್ ಕಡೆ ತಿರುಗಿತ್ತು. ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳೋದು, ಸಿಗ್ನಲ್ ಸರ್ಕ್ಯೂಟಲ್ಲಿ ಹಿಂದೆ ಮಾಡಿದ ಬದಲಾವಣೇಲೂ, ಆ ದಿನ ಲೆವೆಲ್ ಕ್ರಾಸಿಂಗ್ ಗೇಟಿನ ಬ್ಯಾರಿಯರ್ ಕೆಲಸದಲ್ಲೂ ಲೋಪ ಆಗಿತ್ತು ಅಂತ. ಅಂದ್ರೆ ಅಲ್ಲಿ ಮಿಷಿನ್ನೇ ಸುಳ್ಳು ಹೇಳ್ತು, ಕ್ವಿಂಟಿನ್ಸ್‌ಹಿಲ್‌ನಲ್ಲಿ ನಿಜ ಹೇಳೋ ಮಿಷಿನ್ನೇ ಇರ್ಲಿಲ್ಲ. ಸಾಮ್ಯ ಇರೋದು ಒಂದು ಕಡೆ ಮಾತ್ರ. ವೈರ್ ಜೋಡಿಸಿದ್ಮೇಲೆ ಪೂರ್ತಿ ಟೆಸ್ಟ್ ಮಾಡಿ ಕೈಬಿಡ್ಬೇಕು ಅನ್ನೋ ರೂಲೂ ಇತ್ತು, ಕಾಲರ್ ಹಾಕು ಅನ್ನೋ ರೂಲೂ ಇತ್ತು. ಕೆಲಸ ನಿಲ್ಲಬಾರ್ದು, ಗಾಡಿ ತಡೀಬಾರ್ದು ಅನ್ನೋ ಒತ್ತಡದಲ್ಲಿ ಮೊದ್ಲು ಬಿಟ್ಟುಹೋಗೋದು ಇಂಥ ಸಣ್ಣ ಕೆಲಸಗಳೇ.


ತಿಪಟೂರು ತೆಂಗು:

ಮಾಸ್ಟ್ರೇ ನಂದೊಂದು ಡೌಟು. ನಮ್ಮ ಕಡೆ ಮೊದ್ಲು ಸಿಂಗಲ್ ಲೈನ್ ಇದ್ದಾಗ ಡ್ರೈವರ್‌ಗೆ ಟೋಕನ್ ಕೊಡ್ತಿದ್ರಲ್ಲ, ಓಡೋ ಗಾಡೀಲಿ ಬಳೆ ಥರ ಹಿಡ್ಕೊಳ್ಳೋದು ನೋಡೋಕೇ ಹೋಗ್ತಿದ್ವಿ. ಆ ಪದ್ಧತೀಲಿ ಇಂಥ ಆಕ್ಸಿಡೆಂಟ್ ಆಗೋಕೆ ಚಾನ್ಸೇ ಇಲ್ಲ ಅಲ್ವಾ, ಟೋಕನ್ ಒಂದೇ ಇರುತ್ತೆ, ಅದಿಲ್ದೆ ಗಾಡಿ ಹೊರಡಲ್ಲ?


ಗುಬ್ಬಿ ಮಾಸ್ಟ್ರು:

ಚಾನ್ಸ್ ಕಮ್ಮಿ, ಇಲ್ವೇ ಇಲ್ಲ ಅನ್ನೋಕಾಗಲ್ಲಪ್ಪ. 1921ರ ಜನವರಿ 26, ವೇಲ್ಸ್‌ನ ಆಬರ್‌ಮ್ಯೂಲ್ ಸ್ಟೇಷನ್, ಕೇಂಬ್ರಿಯನ್ ರೈಲ್ವೆ. ಸಿಂಗಲ್ ಲೈನು, ಟಯರ್ ಟ್ಯಾಬ್ಲೆಟ್ ಪದ್ಧತಿ, ಅಂದ್ರೆ ಸೆಕ್ಷನ್ ಹೆಸರಿರೋ ಬಿಲ್ಲೇನ ಡ್ರೈವರ್‌ಗೆ ಕೊಡೋದು. ನಮ್ಮ ಟೋಕನ್‌ಗೆ ಅದು ಅಣ್ಣ ಇದ್ದ ಹಾಗೆ, 1874ರಲ್ಲಿ ಥಾರ್ಪ್ ಅನ್ನೋ ಕಡೆ ಸಿಂಗಲ್ ಲೈನಲ್ಲಿ ಎದುರುಬದುರು ಡಿಕ್ಕಿ ಆದ್ಮೇಲೆ ಎಡ್ವರ್ಡ್ ಟಯರ್ ಮಾಡಿದ ಮಿಷಿನ್ನು. ಒಂದು ಸೆಕ್ಷನ್‌ಗೆ ಒಂದು ಟ್ಯಾಬ್ಲೆಟ್ ಹೊರಗಿದ್ರೆ ಇನ್ನೊಂದು ಬರೋದಿಲ್ಲ. ಮಿಷಿನ್ ಅವತ್ತೂ ಸರಿಯಾಗೇ ಇತ್ತು.

ಎದುರುಬದುರು ಬರೋ ಎರಡು ಗಾಡಿಗೆ ಅಲ್ಲಿ ಕ್ರಾಸಿಂಗ್. ಪ್ಯಾಸೆಂಜರ್ ಮೊದ್ಲು ಬಂತು. ಡ್ರೈವರ್ ತಾನು ಮುಗಿಸಿ ಬಂದ ಸೆಕ್ಷನ್‌ನ ಟ್ಯಾಬ್ಲೆಟ್ ಚೀಲದ ಸಮೇತ ಕೊಟ್ಟ, ಒಬ್ಬ ಹುಡುಗ ತಗೊಂಡ. ಅದನ್ನ ಮಿಷಿನ್‌ಗೆ ವಾಪಸ್ ಹಾಕ್ಬೇಕಿತ್ತು. ಆ ಹೊತ್ತಿಗೆ ಊಟ ಮುಗಿಸಿ ಬಂದ ರಿಲೀಫ್ ಸ್ಟೇಷನ್ ಮಾಸ್ಟರ್ ಕೈಗೆ ಕೊಟ್ಟುಬಿಟ್ಟ. ಆತ ಇದು ಮುಂದಿನ ಸೆಕ್ಷನ್‌ದು ಅಂದ್ಕೊಂಡು, ಚೀಲದೊಳಗೆ ನೋಡ್ದೆ, ಅದೇ ಡ್ರೈವರ್‌ಗೆ ಅದೇ ಟ್ಯಾಬ್ಲೆಟ್ ವಾಪಸ್ ಕೊಟ್ಟ. ಡ್ರೈವರ್ರೂ ಮೇಲಿನ ಹೆಸರು ಓದ್ಲಿಲ್ಲ. ಗಾಡಿ ಹೊರಟು ಎದುರಿಂದ ಬರ್ತಿದ್ದ ಎಕ್ಸ್‌ಪ್ರೆಸ್‌ಗೆ ಗುದ್ತು. 17 ಸಾವು, ಅದ್ರಲ್ಲಿ ಆ ರೈಲ್ವೇದೇ ಒಬ್ಬ ಡೈರೆಕ್ಟರು, ಲಾರ್ಡ್ ಹರ್ಬರ್ಟ್ ವೇನ್-ಟೆಂಪೆಸ್ಟ್. ಟ್ಯಾಬ್ಲೆಟ್ ಮಿಷಿನ್ ಇದ್ದದ್ದು ಸಿಗ್ನಲ್ ಕ್ಯಾಬಿನ್‌ನಲ್ಲಲ್ಲ, ಸ್ಟೇಷನ್ ಕಟ್ಟಡದಲ್ಲಿ, ಯಾರು ಬೇಕಾದ್ರೂ ಮುಟ್ತಿದ್ರು. ಯಾವ ಗಾಡಿಗೆ ಲೈನ್ ಕ್ಲಿಯರ್ ಕೊಟ್ಟಾಗಿದೆ ಅಂತ ಆಮೇಲೆ ಬಂದವ್ರಿಗೆ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ.

ಅದಕ್ಕೇ ನಾವು ಟೋಕನ್ ಕೊಡೋ ಕಾಲದಲ್ಲಿ, ಡ್ರೈವರ್ ಅದ್ರ ಮೇಲಿರೋ ಸೆಕ್ಷನ್ ಹೆಸರು ಓದಿ ಸರಿ ಇದೆ ಅಂದ್ಮೇಲೇ ಗಾಡಿ ಎಳೀಬೇಕು ಅಂತಿದ್ದದ್ದು. ಎಷ್ಟೋ ಹೊಸ ಹುಡುಗರು ಸುಮ್ನೆ ಕತ್ತಿಗೆ ಹಾಕ್ಕೊಂಡು ಹೊರಡೋಕೆ ನೋಡೋರು. ಓದಪ್ಪ ಮೊದ್ಲು ಅಂತ ನಿಲ್ಸಿ ಓದಿಸ್ತಿದ್ದೆ, ಬೈಕೊಂಡ್ರೂ ಬಿಡ್ತಿರ್ಲಿಲ್ಲ.